ಮಲಗುವ ಕೋಣೆ ಉಗ್ರಾಣವಲ್ಲ



"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಚಿಂತೆ ಇಲ್ಲದವರು ನಮ್ಮಲ್ಲಿ ಯಾರಿದ್ದಾರೆ? ಮಳೆ ಹೆಚ್ಚಾದರೆ ಅಡಿಕೆಗೆ ಕೊಳೆರೋಗ, ಕಡಿಮೆಯಾದರೆ ಕೆರೆಯಲ್ಲಿ ನೀರಿಲ್ಲ. ಬೆಳೆ ಬಂದರೆ ಧಾರಣೆ ಇಲ್ಲ. ಸೊಸೈಟಿಯ ಸಾಲದ ಕಂತು, ಮಕ್ಕಳ ಫೀಸು, ಕೆಲಸಕ್ಕೆ ಜನ ಸಿಗದ ತಾಪತ್ರಯ. ಚಿಂತೆ ಇರುವವರಿಗೂ ನಿದ್ದೆ ಬರಬೇಕಾದರೆ ಮಲಗುವ ಜಾಗ ಸರಿಯಾಗಿರಬೇಕು.

ಹಟ್ಟಿ ಹೇಗಿರಬೇಕು, ಗೊಬ್ಬರದ ಗುಂಡಿ ಎಲ್ಲಿರಬೇಕು, ಅಡಿಕೆ ಒಣಗಿಸುವ ಅಂಗಳಕ್ಕೆ ಎಷ್ಟು ಬಿಸಿಲು ಬೀಳಬೇಕು ಎಂದೆಲ್ಲ ನಾವು ಕೃಷಿಕರು ಗಂಟೆಗಟ್ಟಲೆ ಮಾತಾಡುತ್ತೇವೆ. ದನ ಮಲಗುವ ನೆಲ ಒದ್ದೆಯಾದರೆ ಕೆಚ್ಚಲು ಬಾವು ಬರುತ್ತದೆ ಎಂದು ರಾತ್ರಿ ಎದ್ದು ಸೊಪ್ಪು ಹಾಕಿ ಬರುತ್ತೇವೆ. ನಾವು ಮಲಗುವ ಕೋಣೆಯನ್ನು ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ಆದ್ದರಿಂದ ಈ ಸಲದ ಅಂಕಣವನ್ನು ಮಲಗುವ ಕೋಣೆಗೇ ಮೀಸಲಿಟ್ಟಿದ್ದೇವೆ.

ಒಂದು ಮನೆಯ ಕತೆ

ಬೇಸಿಗೆಯಲ್ಲಿ ಒಮ್ಮೆ ನಮ್ಮ ವಾಳೆಯ ಒಂದು ಮನೆಗೆ ಹೋಗಿದ್ದೆವು. ಗಂಡ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಸಾಲ ಮಾಡಿ ಕಟ್ಟಿಸಿದ ತಾರಸಿ ಮನೆ, ಚೆನ್ನಾಗಿಯೇ ಇದೆ. ಮನೆಯಾಕೆಗೆ ರಾತ್ರಿ ಬಿಡದ ಕೆಮ್ಮು. ಎರಡು ವರ್ಷದಿಂದ ಕಷಾಯ ಆಯಿತು, ಮಾತ್ರೆ ಆಯಿತು, ಗುಣವಿಲ್ಲ ಎಂದರು. "ನೀವು ಮಲಗುವುದು ಎಲ್ಲಿ?" ಎಂದು ಕೇಳಿದೆವು. ಸ್ವಲ್ಪ ಸಂಕೋಚದಿಂದಲೇ ಕೋಣೆ ತೋರಿಸಿದರು.

ಹತ್ತು ಅಡಿ ಅಗಲ, ಹತ್ತು ಅಡಿ ಉದ್ದದ ಕೋಣೆ. ಪೂರ್ವದ ಗೋಡೆಗೆ ಒತ್ತಿ ಅಡಿಕೆಯ ಗೋಣಿಗಳು, ಕಿಟಕಿಯ ಅರ್ಧ ಮುಚ್ಚುವಷ್ಟು. ಧಾರಣೆ ಏರಲಿ ಎಂದು ಎರಡು ಮಳೆಗಾಲ ದಾಟಿಸಿ ಇಟ್ಟ ಅಡಿಕೆ. ಗೋಣಿಯ ಮೇಲೆ ಮಡಚದ ಬಟ್ಟೆಗಳ ರಾಶಿ. ಮಂಚದ ಕೆಳಗೆ ಮದ್ದು ಬಿಡುವ ಪಂಪು, ಮೈಲುತುತ್ತಿನ ಚೀಲ, ಅರ್ಧ ಖಾಲಿಯಾದ ಎರಡು ಕೀಟನಾಶಕದ ಬಾಟಲಿ, ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಆಸಿಡ್ಡಿನ ಕ್ಯಾನು. ಮಂಚದಲ್ಲಿ ತಾಯಿ ಮತ್ತು ಇಬ್ಬರು ಮಕ್ಕಳು. ಗಂಡ ಚಾವಡಿಯ ಬೆಂಚಿನಲ್ಲಿ. ಪಕ್ಕದ ದೊಡ್ಡ ಕೋಣೆಗೆ ಬೀಗ. ಅದು ನೆಂಟರಿಗೆ.

ಹೊರಡುವಾಗ ಮನೆಯಾಕೆ ಒಂದು ಮಾತು ಹೇಳಿದರು: "ಅಡಿಕೆಗೆ ಜಾಗ ಉಂಟು, ನೆಂಟರಿಗೆ ಜಾಗ ಉಂಟು. ನಮಗಿಬ್ಬರಿಗೆ ಮಾತ್ರ ಈ ಮನೆಯಲ್ಲಿ ಜಾಗ ಇಲ್ಲ." ಗಂಡ ನಕ್ಕು ಅಂಗಳದ ಕಡೆ ನೋಡಿದರು. ನಗೆಯಲ್ಲಿ ಗೆಲುವಿರಲಿಲ್ಲ.

ಮನೆಗೆ ಬಂದು ನಮ್ಮ ಮಂಚದ ಕೆಳಗೂ ಬಗ್ಗಿ ನೋಡಿದೆವು. ಇನ್ವರ್ಟರಿನ ಬ್ಯಾಟರಿ, ಹಳೆಯ ಕರಿಮೆಣಸಿನ ಮೂಟೆ, ಯಾವ ಕಾಲದ್ದೋ ಗೊತ್ತಿಲ್ಲದ ಇಲಿ ಪಾಷಾಣದ ಪೊಟ್ಟಣ! ಊರಿಗೆ ಉಪದೇಶ ಮಾಡುವ ಮೊದಲು ನಮ್ಮ ಕೋಣೆ ಗುಡಿಸಬೇಕಾಯಿತು.

ನಿದ್ದೆ ಏಕೆ ಬೇಕು?

ವಯಸ್ಕರಿಗೆ ರಾತ್ರಿ ಕನಿಷ್ಠ 7 ಗಂಟೆ ನಿದ್ದೆ ಬೇಕು ಎಂಬುದು ನಿದ್ರಾತಜ್ಞರ ಅಭಿಪ್ರಾಯ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ. ನಿದ್ದೆ ಎಂದರೆ ಒಂದೇ ಸಮನೆ ಬಿದ್ದುಕೊಂಡಿರುವುದಲ್ಲ. ಸುಮಾರು 90 ನಿಮಿಷಕ್ಕೊಂದು ಸುತ್ತಿನಂತೆ ಹಗುರ ನಿದ್ದೆ, ಗಾಢ ನಿದ್ದೆ, ಕನಸಿನ ನಿದ್ದೆ ಎಂದು ಹಲವು ಸುತ್ತುಗಳು ನಡೆಯುತ್ತವೆ. ಶರೀರದ ದುರಸ್ತಿಗೆ ಬೇಕಾದ ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲಿ ಬರುತ್ತದೆ. ಕೆಮ್ಮು, ಸೆಕೆ, ಸೊಳ್ಳೆ, ಮೊಬೈಲು ಇವುಗಳಿಂದ ಸುತ್ತು ಮುರಿದರೆ ಎಂಟು ಗಂಟೆ ಮಲಗಿ ಎದ್ದರೂ ಮೈ ಭಾರ ಇಳಿಯುವುದಿಲ್ಲ.

ನಿದ್ದೆ ಕೆಟ್ಟವರಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಹತೋಟಿಗೆ ಬರುವುದು ಕಷ್ಟ. ಕೃಷಿಕರಿಗೆ ಇನ್ನೊಂದು ಅಪಾಯವೂ ಇದೆ. ಬೆಳಿಗ್ಗೆ ಅಡಿಕೆ ಮರಕ್ಕೋ ತೆಂಗಿನ ಮರಕ್ಕೋ ಏರುವವರು, ಕಾಡು ಕಡಿಯುವ ಯಂತ್ರ ಹಿಡಿಯುವವರು, ಕತ್ತಲಲ್ಲೇ ಎದ್ದು ರಬ್ಬರ್ ಟ್ಯಾಪಿಂಗಿಗೆ ಹೋಗುವವರು ನಮ್ಮಲ್ಲಿ ಎಷ್ಟು ಮಂದಿ! ನಿದ್ದೆಗೆಟ್ಟ ಕೈಗೆ ಹಿಡಿತ ಕಡಿಮೆ. ಮರದಿಂದ ಒಮ್ಮೆ ಬಿದ್ದರೆ ಬೆನ್ನುಮೂಳೆ ಮುರಿದು ಜೀವಮಾನವಿಡೀ ಹಾಸಿಗೆ ಹಿಡಿಯಬೇಕಾದೀತು. ಆದ್ದರಿಂದ ಮಲಗುವ ಕೋಣೆಗೆ ಮಾಡುವ ಖರ್ಚು ಶೋಕಿಯಲ್ಲ. ತೋಟಕ್ಕೆ ಹಾಕುವ ಗೊಬ್ಬರದಷ್ಟೇ ಅಗತ್ಯದ್ದು.

ಮೊದಲು ಹೊರಗೆ ಹೋಗಬೇಕಾದವು

ಕೋಣೆಗೆ ಏನು ತರಬೇಕು ಎನ್ನುವುದಕ್ಕಿಂತ ಮೊದಲು, ಅಲ್ಲಿಂದ ಏನನ್ನು ಹೊರಗೆ ಹಾಕಬೇಕು ಎಂದು ನೋಡೋಣ.

ಕೀಟನಾಶಕಗಳು: ಕಾಸರಗೋಡಿನವರಾದ ನಮಗೆ ವಿಷದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದು, ಆ ಸಿಂಪಡಣೆ 2000ನೇ ಇಸವಿಯಲ್ಲಿ ನಿಂತದ್ದು, 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ಅದನ್ನು ನಿಷೇಧಿಸಿದ್ದು ನಮಗೆ ಗೊತ್ತು. ಹೀಗಿದ್ದೂ ಮಂಚದ ಕೆಳಗೆ ನಾವೇ ವಿಷದ ಬಾಟಲಿ ಇಟ್ಟುಕೊಳ್ಳುವುದು ಸರಿಯೇ? ಮುಚ್ಚಳ ಬಿಗಿಯಾಗಿದ್ದರೂ ಸೋರುವುದುಂಟು. ಮಕ್ಕಳ ಕೈಗೆ ಸಿಗುವುದುಂಟು. ಮನೆಯಲ್ಲಿ ಜಗಳವಾದ ರಾತ್ರಿ ಕೈಯಳತೆಯಲ್ಲಿ ವಿಷದ ಬಾಟಲಿ ಇರಬಾರದು. ಒಂದು ಕ್ಷಣದ ಸಿಟ್ಟಿನಲ್ಲಿ ಹೋದ ಜೀವ ಮತ್ತೆ ಬಾರದು. ಕೀಟನಾಶಕ, ಇಲಿ ಪಾಷಾಣ, ಮೈಲುತುತ್ತು ಎಲ್ಲವೂ ಮನೆಯ ಹೊರಗೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿರಲಿ.

ಹುಳು ಹಿಡಿಯದ ಹಾಗೆ ಗೋಣಿಯ ನಡುವೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಗಾಳಿಯ ತೇವಕ್ಕೆ ಈ ಮಾತ್ರೆಯಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಪಕ್ಕದ ಕೋಣೆಯಲ್ಲಿಟ್ಟ ಮಾತ್ರೆಯಿಂದ ಮಲಗಿದ್ದವರು ಸತ್ತ ಉದಾಹರಣೆಗಳಿವೆ. ಜನ ಇರುವ ಮನೆಯೊಳಗೆ ಇದನ್ನು ಬಳಸಲೇ ಬೇಡಿ.

ಅಡಿಕೆ, ಕೊಬ್ಬರಿ, ಮೆಣಸು: ಚಾಲಿ ಅಡಿಕೆ ಎಷ್ಟೇ ಒಣಗಿದರೂ ಮಳೆಗಾಲದಲ್ಲಿ ತೇವ ಎಳೆದುಕೊಳ್ಳುತ್ತದೆ. ತೇವ ಬಂದಲ್ಲಿ ಬೂಷ್ಟು. ಬೂಷ್ಟಿನ ಧೂಳು ರಾತ್ರಿಯಿಡೀ ಶ್ವಾಸಕೋಶಕ್ಕೆ ಹೋದರೆ ಕೆಮ್ಮು, ದಮ್ಮು ಬರುತ್ತದೆ. ಮೊದಲೇ ಅಸ್ತಮಾ ಇದ್ದವರಿಗೆ ಹೇಳುವುದೇ ಬೇಡ. ಇಷ್ಟಕ್ಕೇ ಮುಗಿಯುವುದಿಲ್ಲ. ಮೂಟೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ ಎಂಬುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಮೂಟೆಗಳನ್ನು ಪ್ರತ್ಯೇಕ ಉಗ್ರಾಣದಲ್ಲಿ, ಗೋಡೆಯಿಂದ ಒಂದಡಿ ಬಿಟ್ಟು, ನೆಲದಿಂದ ಎತ್ತರಿಸಿದ ಹಲಗೆಯ ಮೇಲೆ ಇಟ್ಟರೆ ಅಡಿಕೆಯೂ ಉಳಿಯುತ್ತದೆ, ಆರೋಗ್ಯವೂ ಉಳಿಯುತ್ತದೆ.

ಆಸಿಡ್, ಸೀಮೆಎಣ್ಣೆ, ಬ್ಯಾಟರಿ: ರಬ್ಬರಿಗೆ ಬಳಸುವ ಫಾರ್ಮಿಕ್ ಆಸಿಡ್ಡನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ಹಾಕಿಡಬೇಡಿ. ಕತ್ತಲಲ್ಲಿ ನೀರೆಂದು ಕುಡಿದರೆ ಗಂಟಲಿನಿಂದ ಹೊಟ್ಟೆಯವರೆಗೆ ಸುಟ್ಟುಹೋಗುತ್ತದೆ. ಇನ್ವರ್ಟರಿನ ಬ್ಯಾಟರಿ ಚಾರ್ಜ್ ಆಗುವಾಗ ಬೆಂಕಿ ಹಿಡಿಯಬಲ್ಲ ಹೈಡ್ರೋಜನ್ ಅನಿಲ ಬಿಡುತ್ತದೆ. ಅದನ್ನು ಗಾಳಿಯಾಡುವ ಪಡಸಾಲೆಯ ಮೂಲೆಗೆ ಸಾಗಿಸಿ. ಬಾಣಂತಿಯ ಕೋಣೆಯಲ್ಲಿ ಬಾಗಿಲು ಮುಚ್ಚಿ ಕೆಂಡ ಇಡುವ ಪದ್ಧತಿಯನ್ನೂ ಬಿಡಬೇಕು. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳದೇ ಹೋಗಬಹುದು.

ಗಾಳಿ, ಬಿಸಿಲು, ತೇವ

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆಗೆ 9.5 ಚದರ ಮೀಟರ್, ಅಂದರೆ ಸುಮಾರು 102 ಚದರ ಅಡಿ ಜಾಗ ಬೇಕು. ಎತ್ತರ 2.75 ಮೀಟರ್, ಅಂದರೆ ಸುಮಾರು 9 ಅಡಿ. ನಮ್ಮಂಥ ಸೆಕೆ ಮತ್ತು ತೇವ ಎರಡೂ ಇರುವ ಕರಾವಳಿಯಲ್ಲಿ ಕಿಟಕಿ ಮುಂತಾದ ತೆರಪುಗಳು ನೆಲದ ವಿಸ್ತೀರ್ಣದ ಆರನೇ ಒಂದು ಪಾಲು ಇರಬೇಕು. 10 ಅಡಿ, 12 ಅಡಿಯ ಕೋಣೆಗೆ ನೆಲ 120 ಚದರ ಅಡಿ. ಆರನೇ ಒಂದು ಪಾಲೆಂದರೆ 20 ಚದರ ಅಡಿ. ನಾಲ್ಕಡಿ ಅಗಲ, ಎರಡೂವರೆ ಅಡಿ ಎತ್ತರದ ಎರಡು ಕಿಟಕಿಗಳಿದ್ದರೆ ಲೆಕ್ಕ ಸರಿಯಾಯಿತು. ಎರಡೂ ಒಂದೇ ಗೋಡೆಯಲ್ಲಿ ಬೇಡ. ಗಾಳಿ ಒಳಗೆ ಬರಲು ಒಂದು ಗೋಡೆ, ಹೊರಗೆ ಹೋಗಲು ಇನ್ನೊಂದು ಗೋಡೆ. ಮೂಲೆಯ ಕೋಣೆ ಮಲಗಲು ಒಳ್ಳೆಯದು ಎನ್ನುವುದು ಇದೇ ಕಾರಣಕ್ಕೆ.

ಹಿಂದಿನ ಹಂಚಿನ ಮನೆಗಳಲ್ಲಿ ಸೆಕೆ ಹಂಚಿನ ಸಂದಿನಲ್ಲಿ ಹೊರಗೆ ಹೋಗುತ್ತಿತ್ತು. ಈಗಿನ ತಾರಸಿ ಹಗಲಿಡೀ ಬಿಸಿಲು ಕುಡಿದು ರಾತ್ರಿ ನಮ್ಮ ತಲೆಯ ಮೇಲೆ ಉಗುಳುತ್ತದೆ. ನಿದ್ದೆ ಬರಬೇಕಾದರೆ ಶರೀರದ ಒಳಗಿನ ಉಷ್ಣತೆ ಸ್ವಲ್ಪ ಇಳಿಯಬೇಕು. ಮೇಲಿನಿಂದ ಕಾವು ಬರುತ್ತಿದ್ದರೆ ಅದು ಇಳಿಯುವುದು ಹೇಗೆ? ಬೇಸಿಗೆಗೆ ಮೊದಲು ತಾರಸಿಗೆ ಬಿಳಿ ಸುಣ್ಣ ಬಳಿಯುವುದು ಅಗ್ಗದ ಉಪಾಯ. ಶಕ್ತಿ ಇದ್ದವರು ತಾರಸಿಯ ಮೇಲೆ ಎತ್ತರಕ್ಕೆ ಶೀಟಿನ ಮಾಡು ಹಾಕಿಸಿ ನಾಲ್ಕೂ ಕಡೆ ತೆರೆದಿಟ್ಟರೆ ಕೆಳಗೆ ತಂಪು, ಮೇಲೆ ಬಟ್ಟೆ ಒಣಗಿಸಲು, ಕೃಷಿ ಸಾಮಾನು ಇಡಲು ಜಾಗ. ಪಶ್ಚಿಮದ ಗೋಡೆಗೆ ಸಂಜೆಯ ಬಿಸಿಲು ಹೊಡೆಯುವಲ್ಲಿ ಎರಡು ಬಾಳೆ ನೆಟ್ಟರೂ ವ್ಯತ್ಯಾಸ ಗೊತ್ತಾಗುತ್ತದೆ.

ನಮ್ಮ ಹಿರಿಯರು ಸಂಜೆ ಹಂಡೆಯ ಬಿಸಿನೀರು ಮೀಯದೆ ಊಟಕ್ಕೆ ಕೂರುತ್ತಿರಲಿಲ್ಲ. ಅದು ಬರೀ ಕೊಳೆ ತೊಳೆಯಲು ಎಂದು ತಿಳಿದಿದ್ದೆವು. ಮಲಗುವ ಒಂದೆರಡು ಗಂಟೆ ಮೊದಲು ಬಿಸಿನೀರು ಮಿಂದರೆ ಚರ್ಮದ ರಕ್ತನಾಳಗಳು ಅರಳಿ ಒಳಗಿನ ಕಾವು ಹೊರಗೆ ಹೋಗುತ್ತದೆ, ಮೈ ತಣಿದು ನಿದ್ದೆ ಬೇಗ ಹತ್ತುತ್ತದೆ ಎಂದು ಈಗ ಸಂಶೋಧಕರು ಹೇಳುತ್ತಾರೆ. ಬಚ್ಚಲಿನ ಒಲೆಗೆ ಬೆಂಕಿ ಹಾಕುವ ಅಭ್ಯಾಸವಿರುವವರು ಅದನ್ನು ಬಿಡಬೇಡಿ.

ಮಳೆಗಾಲದ ಮಾತೇ ಬೇರೆ. ಆಟಿಯ ತಿಂಗಳಲ್ಲಿ ಒದ್ದೆ ಬಟ್ಟೆಗಳನ್ನು ಮಲಗುವ ಕೋಣೆಯಲ್ಲೇ ಹಗ್ಗ ಕಟ್ಟಿ ಫ್ಯಾನಿನ ಕೆಳಗೆ ಒಣಗಿಸುವ ಮನೆಗಳು ಎಷ್ಟಿಲ್ಲ? ಬಟ್ಟೆಯ ನೀರು ಗಾಳಿಗೆ, ಗಾಳಿಯ ತೇವ ಗೋಡೆಗೆ, ಗೋಡೆಯಿಂದ ಬೂಷ್ಟು ಹಾಸಿಗೆಗೆ. ಬಟ್ಟೆ ಒಣಗಿಸಲು ಅಡಿಗೆ ಕೋಣೆಯ ಅಟ್ಟವೋ ಹೊರಗಿನ ಜಗಲಿಯೋ ಆಗಲಿ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಟ್ಟರೆ ಹಿಂದೆ ಗಾಳಿಯಾಡುತ್ತದೆ. ಮುರಕಲ್ಲಿನ ಗೋಡೆ ಬುಡದಿಂದ ತೇವ ಎಳೆಯುತ್ತಿದ್ದರೆ ಮೊದಲು ಮಾಡಿನ ನೀರು ಎಲ್ಲಿ ಬೀಳುತ್ತದೆ, ಅಂಗಳದ ನೀರು ಎತ್ತ ಹರಿಯುತ್ತದೆ ಎಂದು ನೋಡಿ. ಗೋಡೆಯ ಬುಡದಲ್ಲಿ ನೀರು ನಿಲ್ಲುತ್ತಿರುವಾಗ ಒಳಗೆ ಎಷ್ಟು ಪೈಂಟು ಬಳಿದರೂ ದಂಡ.

ಮಂಚ, ಹಾಸಿಗೆ, ಸೊಳ್ಳೆಪರದೆ

ನೆಲದಲ್ಲಿ ಚಾಪೆ ಹಾಸಿ ಮಲಗುವುದು ಬೆನ್ನಿಗೆ ಒಳ್ಳೆಯದು ಎಂದು ವಾದಿಸುವವರಿದ್ದಾರೆ. ತೋಟದ ನಡುವಿನ ಮನೆಗಳಲ್ಲಿ ಅದು ಅಪಾಯ. ಕಟ್ಟುಹಾವು, ಕೆಲವರು ಕಡಂಬಳ ಎನ್ನುತ್ತಾರೆ, ರಾತ್ರಿ ಸಂಚರಿಸುವ ಹಾವು. ನೆಲದಲ್ಲಿ ಮಲಗಿದವರನ್ನು ಕಚ್ಚಿದರೆ ಹೆಚ್ಚು ನೋವೂ ಆಗುವುದಿಲ್ಲ, ಗಾಯವೂ ಕಾಣುವುದಿಲ್ಲ. ಮುಂಜಾನೆ ಹೊಟ್ಟೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು ಕಂಡರೆ ಗ್ಯಾಸ್ಟ್ರಿಕ್ ಎಂದು ಕೂರದೆ, ಕೊಯ್ಯದೆ, ಬಿಗಿದು ಕಟ್ಟದೆ ಪ್ರತಿವಿಷ ಇರುವ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಬೇಕು. ಮಂಚ ಗೋಡೆಗೆ ತಾಗದಿರಲಿ. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿ. ಆಗ ಸೊಳ್ಳೆಯೂ ಬಾರದು, ಹಾವೂ ಬಾರದು.

ಸೊಳ್ಳೆಪರದೆ ಹಳೆಯ ಕಾಲದ್ದು ಎಂದು ಮೂಲೆಗೆ ತಳ್ಳಿ ಸುರುಳಿ ಬತ್ತಿ ಹಚ್ಚುವವರು ಗಮನಿಸಿ. ಒಂದು ಸುರುಳಿ ಬತ್ತಿ ಪೂರ್ತಿ ಉರಿದರೆ ಹೊರಡುವ ಸೂಕ್ಷ್ಮ ಹೊಗೆಕಣಗಳು 75ರಿಂದ 137 ಸಿಗರೇಟುಗಳ ಹೊಗೆಗೆ ಸಮ ಎಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿದೆ. ಮುಚ್ಚಿದ ಕೋಣೆಯಲ್ಲಿ ಹಸುಗೂಸನ್ನು ಮಲಗಿಸಿ ಬತ್ತಿ ಹಚ್ಚುವುದು ಯಾವ ಪ್ರೀತಿ? ಮಲೇರಿಯಾದ ಸೊಳ್ಳೆ ರಾತ್ರಿ ಕಚ್ಚುತ್ತದೆ, ಡೆಂಗ್ಯೂವಿನ ಸೊಳ್ಳೆ ಹಗಲು. ಹಗಲು ಮಲಗುವ ಮಗುವಿಗೂ ಪರದೆ ಬೇಕು.

ಹಾಸಿಗೆ ತೀರಾ ಮೆತ್ತಗೆ ಬೇಡ, ಹಲಗೆಯಂತೆ ಗಟ್ಟಿಯೂ ಬೇಡ. ಮಗ್ಗುಲಾಗಿ ಮಲಗಿದಾಗ ಬೆನ್ನು ನೇರವಾಗಿದ್ದು, ಕುತ್ತಿಗೆ ಮತ್ತು ಹಾಸಿಗೆಯ ನಡುವಿನ ತೆರಪನ್ನು ದಿಂಬು ತುಂಬಿದರೆ ಸಾಕು. ಬೂರುಗದ ಹತ್ತಿಯ ಹಾಸಿಗೆ ಇರುವವರು ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ ಬಡಿಯಬೇಕು. ಕಣ್ಣಿಗೆ ಕಾಣದ ಧೂಳುಹುಳಗಳು ತೇವದ ಹಾಸಿಗೆಯಲ್ಲಿ ಬೆಳೆದು ಅಸ್ತಮಾ, ಸೀನು ತರುತ್ತವೆ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಕೈ ಇಡಲಾಗದಷ್ಟು ಬಿಸಿನೀರಿನಲ್ಲಿ ಒಗೆದರೆ ಅವು ಸಾಯುತ್ತವೆ. ಒಂದು ವರ್ಷದೊಳಗಿನ ಮಗುವನ್ನು ಗಟ್ಟಿ ಹಾಸಿಗೆಯಲ್ಲಿ, ದಿಂಬಿಲ್ಲದೆ, ಅಂಗಾತವಾಗಿಯೇ ಮಲಗಿಸಿ. ಕುಡಿದ ತಂದೆಯ ಮಗ್ಗುಲಲ್ಲಿ ಎಂದೂ ಮಲಗಿಸಬೇಡಿ.

ಬೆಳಕು ಮತ್ತು ಶಬ್ದ

ಕತ್ತಲಾದಾಗ ಮಿದುಳಿನ ಒಂದು ಪುಟ್ಟ ಗ್ರಂಥಿ ಮೆಲಟೋನಿನ್ ಎಂಬ ರಸವನ್ನು ಸ್ರವಿಸುತ್ತದೆ. "ರಾತ್ರಿಯಾಯಿತು, ಕೆಲಸ ನಿಲ್ಲಿಸಿ" ಎಂದು ಶರೀರಕ್ಕೆ ಅದು ಕೊಡುವ ಸೂಚನೆ. ಟ್ಯೂಬ್‌ಲೈಟು, ಟಿ.ವಿ., ಮೊಬೈಲುಗಳ ನೀಲಿ ಮಿಶ್ರಿತ ಬೆಳಕು ಆ ರಸವನ್ನು ತಡೆಯುತ್ತದೆ. ಶರೀರದೊಳಗಿನ ಈ ಗಡಿಯಾರದ ಗುಟ್ಟು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕೋಣೆಯಲ್ಲಿ ಹಳದಿ ಬೆಳಕಿನ ಸಣ್ಣ ಬಲ್ಬು ಸಾಕು. ರಾತ್ರಿ ಏಳುವ ಹಿರಿಯರಿಗೆ ನೆಲದ ಹತ್ತಿರ ಒಂದು ಮಂದ ದೀಪ ಇರಲಿ. ಎಡವಿ ಬಿದ್ದು ಸೊಂಟ ಮುರಿಯುವುದು ತಪ್ಪುತ್ತದೆ.

ಮಲಗುವ ಕೋಣೆಯೊಳಗಿನ ಶಬ್ದ 30 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದು ಹೆಚ್ಚು ಕಡಿಮೆ ಪಿಸುಮಾತಿನಷ್ಟು. ಮಳೆಯ ಸದ್ದಿಗೆ ನಿದ್ದೆ ಕೆಡುವುದಿಲ್ಲ, ಅದು ಒಂದೇ ಸಮ. ನಡುನಡುವೆ ಕಿರುಚುವ ಟಿ.ವಿ.ಗೆ, ಟಿಂಗ್ ಎನ್ನುವ ಮೊಬೈಲಿಗೆ ಎಚ್ಚರವಾಗುತ್ತದೆ. ಟಿ.ವಿ. ಚಾವಡಿಯಲ್ಲಿರಲಿ. ಮೊಬೈಲನ್ನು ಚಾರ್ಜಿಗೆ ಹಾಕುವ ಜಾಗವೂ ಚಾವಡಿಯೇ ಆಗಲಿ. ಏಳಲು ಗಂಟೆ ಬೇಕಾದರೆ ಅಲಾರಾಂ ಗಡಿಯಾರ ಈಗಲೂ ಅಂಗಡಿಯಲ್ಲಿ ಸಿಗುತ್ತದೆ.

ಸಂಜೆ ನಾಲ್ಕರ ಮೇಲೆ ಗಟ್ಟಿ ಚಹಾ, ಕಾಫಿ ಬೇಡ. ಕುಡಿದ ಕೆಫೀನಿನ ಅರ್ಧದಷ್ಟು ಕರಗಲು ಸುಮಾರು ಐದು ಗಂಟೆ ಬೇಕು. ಮದ್ಯ ನಿದ್ದೆ ತರುತ್ತದೆ ಎಂಬುದು ಅರ್ಧ ಸತ್ಯ. ಬೇಗ ಮಲಗಿಸುತ್ತದೆ, ನಡುರಾತ್ರಿ ಎಬ್ಬಿಸುತ್ತದೆ, ಗೊರಕೆ ಹೆಚ್ಚಿಸುತ್ತದೆ. ಎಲೆಯಡಿಕೆ ಬಾಯಲ್ಲಿಟ್ಟುಕೊಂಡೇ ಮಲಗುವವರಿಗೂ ಒಂದು ಮಾತು. ಅಡಿಕೆ ನಮ್ಮ ಅನ್ನ, ನಿಜ. ಆದರೆ ಅದನ್ನು ಜಗಿಯುವುದು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ತನ್ನ ವರದಿಯಲ್ಲಿ ಹೇಳಿದೆ. ಬೆಳೆಯುವವರೆಂದು ಸತ್ಯ ಮುಚ್ಚಿಡಲಾಗದು. ರಾತ್ರಿಯಿಡೀ ಕೆನ್ನೆಯೊಳಗೆ ಇಟ್ಟುಕೊಳ್ಳುವುದಂತೂ ಖಂಡಿತ ಬೇಡ.

ಇಬ್ಬರ ಕೋಣೆ

ಈಗ ಆ ಮನೆಯಾಕೆಯ ಮಾತಿಗೆ ಬರೋಣ. ಇದನ್ನು ಬರೆಯಲು ಸಂಕೋಚವಿದೆ, ಬರೆಯದಿದ್ದರೆ ತಪ್ಪಾಗುತ್ತದೆ.

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎನ್ನುತ್ತಾರೆ. ಗಂಡ ಚಾವಡಿಯಲ್ಲಿ, ಹೆಂಡತಿ ಮಕ್ಕಳ ನಡುವೆ ಮಲಗಿದರೆ ಆ ಜಗಳ ಮುಗಿಯುವುದು ಯಾವಾಗ? ಹಗಲು ಆಳುಗಳ ಎದುರು, ಅತ್ತೆಯ ಎದುರು, ಮಕ್ಕಳ ಎದುರು ಆಡಲಾಗದ ಮಾತುಗಳು ಎಷ್ಟೋ ಇರುತ್ತವೆ. ಸಾಲದ ಹೆದರಿಕೆ, ಮೈಯ ನೋವು, ತವರಿನ ಚಿಂತೆ, ಸುಮ್ಮನೆ ಒಂದು ನಗೆಮಾತು. ಇವುಗಳಿಗೆ ಒಂದು ಬಾಗಿಲಿನ ಮರೆ ಬೇಕು. ಮರೆ ಇಲ್ಲದಿದ್ದರೆ ಮಾತು ನಿಲ್ಲುತ್ತದೆ. ಮಾತು ನಿಂತ ಮೇಲೆ ಸಲಿಗೆಯೂ ನಿಲ್ಲುತ್ತದೆ. ಹತ್ತು ಹದಿನೈದು ವರ್ಷ ಸಂಸಾರ ಮಾಡಿ ಒಂದೇ ಮನೆಯ ಇಬ್ಬರು ಬಾಡಿಗೆದಾರರಂತೆ ಬದುಕುವ ದಂಪತಿಗಳು ನಮ್ಮ ನಡುವೆ ಇದ್ದಾರೆ. ತಪ್ಪು ಅವರದೇ ಎಂದು ಹೇಳಲಾರೆವು. ಅವರಿಗೊಂದು ಕೋಣೆಯೇ ಇಲ್ಲ.

ಆದ್ದರಿಂದ ಮನೆಯಲ್ಲಿ ದಂಪತಿಗಳಿಗೊಂದು ಕೋಣೆ ಇರಲಿ, ಅದಕ್ಕೆ ಒಳಗಿನಿಂದ ಚಿಲಕ ಇರಲಿ. ಕಿಟಕಿಗೆ ದಪ್ಪ ಪರದೆ ಹಾಕಿ. ಕೋಣೆಯ ನಡುವೆ ಹಲಗೆಯ ಗೋಡೆ ಮಾತ್ರ ಇದ್ದರೆ ಆ ಗೋಡೆಗೆ ಬಟ್ಟೆಯ ಕಪಾಟು ನಿಲ್ಲಿಸಿ, ಶಬ್ದ ಸ್ವಲ್ಪ ತಡೆಯುತ್ತದೆ. ಕಿರ್ ಎನ್ನುವ ಮಂಚದ ಕೀಲಿಗೆ ಆಚಾರಿಯನ್ನು ಕರೆಸಿ ಬೆಣೆ ಹೊಡೆಸಿದರೆ ಮುಗಿಯಿತು. ಐದಾರು ವರ್ಷ ದಾಟಿದ ಮಕ್ಕಳನ್ನು ಅಜ್ಜಿಯ ಕೋಣೆಗೋ, ತಮ್ಮದೇ ಹಾಸಿಗೆಗೋ ಮೆಲ್ಲಗೆ ಅಭ್ಯಾಸ ಮಾಡಿಸಬೇಕು. ಹಿರಿಯರೂ ಬಾಗಿಲು ತಟ್ಟಿಯೇ ಒಳಗೆ ಹೋಗುವುದನ್ನು ಕಲಿಯಬೇಕು. ಮುಚ್ಚಿದ ಬಾಗಿಲನ್ನು ಕಂಡು ಮೂಗು ಮುರಿಯುವುದು ಹಿರಿತನವಲ್ಲ. ಒಂದೇ ಕೋಣೆಯ ಮನೆಯವರು ಕೂಡ ಒಂದು ಮರದ ತಡಿಕೆಯನ್ನೋ ಪರದೆಯನ್ನೋ ಕಟ್ಟಿಕೊಳ್ಳಬಹುದು.

ಆ ಕೋಣೆಗೆ ಲೆಕ್ಕದ ಪುಸ್ತಕ, ಬ್ಯಾಂಕಿನ ನೋಟೀಸು, ಧಾರಣೆಯ ಸುದ್ದಿ ಬರಬಾರದು. ಸಾಲದ ಮಾತು ಇದ್ದರೆ ಊಟವಾದ ಮೇಲೆ ಚಾವಡಿಯಲ್ಲಿ ಕೂತು ಮುಗಿಸಿ.

ಮದುವೆಯ ದಿನ ದೇವಾಲಯದಲ್ಲಿ ಇಬ್ಬರನ್ನೂ ನಿಲ್ಲಿಸಿ ಒಪ್ಪಿಗೆ ಕೇಳುತ್ತಾರೆ, ಇಬ್ಬರೂ ಬಾಯಿಬಿಟ್ಟು ಹೇಳಬೇಕು. ಆ ಒಪ್ಪಿಗೆ ಒಂದು ದಿನಕ್ಕೆ ಮುಗಿಯುವುದಲ್ಲ. ದಿನವಿಡೀ ಅಡಿಕೆ ಸುಲಿದು ಬೆರಳು ಒಡೆದ ಹೆಂಡತಿಗೆ ಮನಸ್ಸಿಲ್ಲದಾಗ ಒತ್ತಾಯ ಮಾಡುವುದು ಗಂಡಸ್ತನವಲ್ಲ. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಆರು ವಾರ ವಿಶ್ರಾಂತಿ ಬೇಕು. ಮೊಲೆಯೂಡಿಸುವ ತಿಂಗಳುಗಳಲ್ಲಿ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಂಗಸರಿಗೆ ಒಣಗಿದಂತಾಗಿ ನೋವು ಬರುವುದುಂಟು. ಅದು ಪ್ರೀತಿ ಕಡಿಮೆಯಾದ ಲಕ್ಷಣವಲ್ಲ, ಅದಕ್ಕೆ ಮದ್ದಿದೆ. ಗಂಡಸರಿಗೆ ಶಕ್ತಿ ಕುಂದಿದಂತೆ ತೋರಿದರೆ ಪೇಪರಿನ ಜಾಹೀರಾತು ನೋಡಿ ಗುಟ್ಟಾಗಿ ಪುಡಿ ತರಿಸಬೇಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ತಂಬಾಕು, ಮದ್ಯ ಇವುಗಳೇ ಅನೇಕ ಸಲ ಕಾರಣ. ಹೃದಯದ ಕಾಯಿಲೆಯ ಮುನ್ಸೂಚನೆಯೂ ಆಗಿರಬಹುದು. ವೈದ್ಯರಲ್ಲಿ ಹೋಗಿ ನೇರವಾಗಿ ಹೇಳಿ. ಅವರಿಗೆ ಇದು ಹೊಸ ವಿಷಯವೇನಲ್ಲ.

ಕಡಿಮೆ ಖರ್ಚಿನಲ್ಲಿ ಮೂರು ಭಾನುವಾರ

ಹೊಸ ಮನೆ ಕಟ್ಟಬೇಕಾಗಿಲ್ಲ. ಮೂರು ಭಾನುವಾರದ ಮಧ್ಯಾಹ್ನ ಸಾಕು.

1. ಮೊದಲ ಭಾನುವಾರ: ವಿಷ, ಆಸಿಡ್, ಸೀಮೆಎಣ್ಣೆ, ಬ್ಯಾಟರಿ, ಮೂಟೆಗಳನ್ನು ಹೊರಗೆ ಸಾಗಿಸುವುದು. ಉಗ್ರಾಣವಿಲ್ಲದವರು ಹಟ್ಟಿಯಿಂದ ದೂರ, ನೀರು ನಿಲ್ಲದಲ್ಲಿ ಶೀಟಿನ ಒಂದು ಮಾಡು ಮಾಡಿಕೊಳ್ಳಬಹುದು.

2. ಎರಡನೇ ಭಾನುವಾರ: ಅಟ್ಟದ ಧೂಳು ಹೊಡೆದು, ಗೋಡೆಗೆ ಸುಣ್ಣ ಬಳಿದು, ತುಕ್ಕು ಹಿಡಿದ ಕಿಟಕಿಗಳಿಗೆ ಎಣ್ಣೆ ಬಿಟ್ಟು ತೆರೆಯುವಂತೆ ಮಾಡುವುದು. ಕಿಟಕಿಗೆ ಸೊಳ್ಳೆಬಲೆ ಹೊಡೆಯುವುದು.

3. ಮೂರನೇ ಭಾನುವಾರ: ಹಾಸಿಗೆ ಬಿಸಿಲಿಗೆ, ಮಂಚದ ಕೀಲು ಬಿಗಿ, ಪರದೆಯ ಹರಿದಲ್ಲಿ ಹೊಲಿಗೆ, ಬಾಗಿಲಿಗೆ ಚಿಲಕ, ಒಂದು ಹಳದಿ ಬಲ್ಬು.

ಇಷ್ಟಾದ ಮೇಲೂ ಮೂರು ತಿಂಗಳು, ವಾರಕ್ಕೆ ಮೂರು ರಾತ್ರಿಗಿಂತ ಹೆಚ್ಚು ನಿದ್ದೆ ಬಾರದಿದ್ದರೆ, ಗೊರಕೆಯ ನಡುವೆ ಉಸಿರು ನಿಂತಂತಾಗುತ್ತಿದ್ದರೆ, ಕೆಮ್ಮು ಎರಡು ವಾರ ಮೀರಿದರೆ ವೈದ್ಯರನ್ನು ಕಾಣಲೇಬೇಕು. ನಿದ್ದೆ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನುಂಗಬೇಡಿ.

ಮೊದಲು ಹೇಳಿದ ಆ ಮನೆಗೆ ಮಳೆಗಾಲ ಕಳೆದು ಮತ್ತೆ ಹೋದೆವು. ಅಡಿಕೆಯಲ್ಲಿ ಅರ್ಧ ಮಾರಿದ್ದರು, ಅರ್ಧ ಹಿತ್ತಿಲಿನ ಹೊಸ ಮಾಡಿನ ಕೆಳಗಿತ್ತು. ಧಾರಣೆ ಹೆಚ್ಚೇನೂ ಸಿಕ್ಕಿರಲಿಲ್ಲ. ನೆಂಟರ ಕೋಣೆಯ ಬೀಗ ತೆಗೆದು ಅಜ್ಜಿ ಮತ್ತು ಮೊಮ್ಮಕ್ಕಳಿಗೆ ಕೊಟ್ಟಿದ್ದರು. ಅಜ್ಜಿಗೆ ರಾತ್ರಿ ಕತೆ ಹೇಳಲು ಜನ ಸಿಕ್ಕಿದ ಸಂತೋಷ. ಮನೆಯಾಕೆಯ ಕೆಮ್ಮು ಪೂರ್ತಿ ಹೋಗಿಲ್ಲ. ವೈದ್ಯರು ಅಸ್ತಮಾ ಎಂದು ಹೇಳಿ ಇನ್ಹೇಲರ್ ಕೊಟ್ಟಿದ್ದಾರೆ, ಆದರೂ ಈಗ ರಾತ್ರಿ ಎದ್ದು ಕೂರಬೇಕಾಗಿಲ್ಲವಂತೆ. ಚಾವಡಿಯ ಬೆಂಚಿನ ಮೇಲೆ ದಿಂಬು ಇರಲಿಲ್ಲ, ಅದರ ಮೇಲೆ ಒಣಗಿದ ಮೆಣಸಿನ ಮೊರ ಇತ್ತು.

"ನೆಂಟರು ಬಂದರೆ ಎಲ್ಲಿ ಮಲಗಿಸುತ್ತೀರಿ?" ಎಂದು ತಮಾಷೆಗೆ ಕೇಳಿದೆವು. ಮನೆಯ ಯಜಮಾನರು ಬೆಂಚನ್ನು ತೋರಿಸಿ, "ಅವರಿಗೆ ಇದು ಉಂಟಲ್ಲ!" ಎಂದರು. ಈ ಸಲ ಹೆಂಡತಿಯೂ ನಕ್ಕರು.

ಓದುಗರೇ, ಇವತ್ತು ರಾತ್ರಿ ಮಲಗುವ ಮೊದಲು ಒಮ್ಮೆ ಬಗ್ಗಿ ನಿಮ್ಮ ಮಂಚದ ಕೆಳಗೆ ನೋಡಿ.